ಅಫೇಸಿಯ: ಸಂವಹನದ ಗುಣಮಟ್ಟ ಮತ್ತು ಜೀವನತೃಪ್ತಿ

ಪಾರ್ಶ್ವವಾಯುವಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಮಿದುಳಿನ, ಹೆಚ್ಚಾಗಿ ಅದರ ಎಡಭಾಗದ, ಭಾಷಾಕೇಂದ್ರಗಳಿಗೆ ಹಾನಿಯಾಗಿ ಮಾತು, ಗ್ರಹಿಕೆ, ಓದು, ಬರಹ ಕುಂದುವ ಸ್ಥಿತಿ ಅಫೇಸಿಯ. ಮಾತು ಹೋದರೆ ಬುದ್ಧಿಯೂ ಹೋಯಿತೆಂದು ಸುತ್ತಲಿನವರು ತಿಳಿಯುವುದು ಕಾಯಿಲೆಯಷ್ಟೇ ದೊಡ್ಡ ಸಂಕಟ. ರೋಗಿ ನೀರು ಬೇಕೆಂದು ಪದಕ್ಕೆ ತಡಕಾಡುತ್ತಿರುವಾಗಲೇ ಮನೆಯವರು ಅವಸರದಲ್ಲಿ ಕಾಫಿ ತಂದಿಡುತ್ತಾರೆ. ಕ್ರಮೇಣ ಕೇಳುವುದನ್ನೇ ಬಿಡುವ ರೋಗಿಗಳುಂಟು.

ಆದ್ದರಿಂದ ಭಾಷಾಪರೀಕ್ಷೆಯ ಅಂಕವೊಂದರಿಂದಲೇ ಬದುಕಿನ ತೃಪ್ತಿ ತಿಳಿಯದು. ಲಂಡನ್ನಿನಲ್ಲಿ ಕ್ಯಾಟೆರಿನಾ ಹಿಲಾರಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ 39 ಪ್ರಶ್ನೆಗಳ ಮಾಪಕವು ದೇಹಸ್ಥಿತಿ, ಮನಸ್ಸು, ಒಡನಾಟ, ಸಂವಹನ, ಚೈತನ್ಯಗಳ ಬಗ್ಗೆ ರೋಗಿಯನ್ನೇ ಕೇಳುತ್ತದೆ. ಇದರ ಕನ್ನಡ ರೂಪವೂ ಇದೆ.

ಸಂವಹನವನ್ನು ಸುಗಮಗೊಳಿಸಲು ಟೊರಾಂಟೊದಲ್ಲಿ ಆರಾ ಕೇಗನ್ ರೂಪಿಸಿದ ವಿಧಾನದಲ್ಲಿ ತರಬೇತಿ ಮುಖ್ಯವಾಗಿ ಎದುರು ಕುಳಿತವರಿಗೆ: ಹೌದು-ಅಲ್ಲ ಎಂದರೆ ಸಾಕಾಗುವಂತೆ ಕೇಳುವುದು, ಮುಖ್ಯ ಪದವನ್ನು ದೊಡ್ಡಕ್ಷರದಲ್ಲಿ ಬರೆದು ತೋರಿಸುವುದು, ಉತ್ತರಕ್ಕೆ ಕಾಯುವುದು. ಈ ಕೊನೆಯದೇ ಕಷ್ಟದ್ದು.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ ಆಡುವವರಿಗೆ ಎರಡೂ ಒಂದೇ ಪ್ರಮಾಣದಲ್ಲಿ ಮರಳದಿರಬಹುದು. ಚಿಕಿತ್ಸೆಯ ಭಾಷೆಯನ್ನು ಆಸ್ಪತ್ರೆಯ ಅನುಕೂಲ ನೋಡಿ ಅಲ್ಲ, ರೋಗಿಯ ದಿನಬಳಕೆ ನೋಡಿ ಆರಿಸಬೇಕಾಗುತ್ತದೆ.