ಹವಾಯಿಯ 115 ಮತಗಳು

ಈ ದೇಶದ ಪೌರತ್ವ ಪಡೆದ ಮೇಲೂ ನಮ್ಮಲ್ಲಿ ಕೆಲವರು "ನಮ್ಮದೊಂದು ಓಟಿನಿಂದ ಏನಾದೀತು?" ಎಂದು ಚುನಾವಣೆಯ ದಿನ ಮನೆಯಲ್ಲೇ ಉಳಿಯುವುದುಂಟು. ಅಂಥವರು 1960ರಲ್ಲಿ ಹವಾಯಿ ರಾಜ್ಯದಲ್ಲಿ ನಡೆದದ್ದನ್ನು ತಿಳಿಯಬೇಕು.

ಹವಾಯಿ ಅಮೆರಿಕದ 50ನೆಯ ರಾಜ್ಯವಾದದ್ದು 1959ರ ಆಗಸ್ಟ್ 21ರಂದು. ಮರುವರ್ಷ ನವೆಂಬರ್ 8ರಂದು ಅಲ್ಲಿಯ ಜನ ಮೊದಲ ಬಾರಿಗೆ ಅಧ್ಯಕ್ಷರ ಆಯ್ಕೆಗೆ ಮತ ನೀಡಿದರು. ಕಣದಲ್ಲಿದ್ದವರು ಡೆಮೊಕ್ರಾಟಿಕ್ ಪಕ್ಷದ ಜಾನ್ ಕೆನಡಿ ಮತ್ತು ಆಗ ಉಪಾಧ್ಯಕ್ಷರಾಗಿದ್ದ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್. ಮೊದಲ ಎಣಿಕೆಯಲ್ಲಿ ನಿಕ್ಸನ್ 141 ಮತಗಳಿಂದ ಗೆದ್ದರೆಂದು ಪ್ರಕಟವಾಯಿತು. ಡೆಮೊಕ್ರಾಟರು ನ್ಯಾಯಾಲಯಕ್ಕೆ ಹೋದರು, ಮರುಎಣಿಕೆಗೆ ಆದೇಶವಾಯಿತು.

ಇಲ್ಲಿ ಅಧ್ಯಕ್ಷರನ್ನು ಆರಿಸುವವರು ಪ್ರತಿ ರಾಜ್ಯದ ಎಲೆಕ್ಟರುಗಳು. ಹವಾಯಿಯ ಪಾಲಿಗಿದ್ದವರು ಮೂವರು. ಅವರು ಮತ ಹಾಕಬೇಕಾದ ಡಿಸೆಂಬರ್ 19 ಬಂದಾಗ ಎಣಿಕೆ ಇನ್ನೂ ಮುಗಿದಿರಲಿಲ್ಲ. ಆದ್ದರಿಂದ ಎರಡೂ ಪಕ್ಷಗಳ ಮೂವರು ಮೂವರು ಅಂದೇ ಮತ ಹಾಕಿದರು. ಡಿಸೆಂಬರ್ ಕೊನೆಯಲ್ಲಿ ಎಣಿಕೆ ಮುಗಿದಾಗ ಕೆನಡಿಯವರಿಗೆ 92,410, ನಿಕ್ಸನ್ನರಿಗೆ 92,295 ಮತಗಳು. ಅಂತರ 115! ಡಿಸೆಂಬರ್ 30ರಂದು ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ರಿಪಬ್ಲಿಕನ್ನರೇ ಆದ ಗವರ್ನರ್ ವಿಲಿಯಂ ಕ್ವಿನ್ ಎದುರು ಪಕ್ಷದ ಎಲೆಕ್ಟರುಗಳಿಗೆ ಹೊಸ ಪ್ರಮಾಣಪತ್ರ ಬರೆದುಕೊಟ್ಟರು.

1961ರ ಜನವರಿ 6ರಂದು ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ಹವಾಯಿಯ ಎರಡೂ ಬಗೆಯ ಪತ್ರಗಳು ಮುಂದೆ ಬಂದವು. ಅಧ್ಯಕ್ಷಪೀಠದಲ್ಲಿದ್ದವರು ಸೋತ ಅಭ್ಯರ್ಥಿ ನಿಕ್ಸನ್ ಅವರೇ. ಇದು ಮುಂದಕ್ಕೆ ಪೂರ್ವನಿದರ್ಶನವಾಗದಿರಲಿ ಎಂದು ಹೇಳಿ, ಅವರು ಕೆನಡಿಯವರ ಮತಗಳನ್ನೇ ಎಣಿಸುವಂತೆ ಸೂಚಿಸಿದರು. ಯಾರೂ ಆಕ್ಷೇಪಿಸಲಿಲ್ಲ.

ರಾಷ್ಟ್ರದ ಒಟ್ಟು ಫಲಿತಾಂಶ ಕೆನಡಿ 303, ನಿಕ್ಸನ್ 219. ಹವಾಯಿಯ ಮೂರು ಮತಗಳಿಲ್ಲದಿದ್ದರೂ ಕೆನಡಿ ಗೆಲ್ಲುತ್ತಿದ್ದರು. ಹಾಗಿದ್ದರೆ ಇಷ್ಟೆಲ್ಲ ಶ್ರಮವೇಕೆ? ರೋಗಿ ಹೇಗೂ ಗುಣವಾದನಲ್ಲ ಎಂದು ನಾವು ವೈದ್ಯರು ತಪ್ಪು ವರದಿಯನ್ನು ಫೈಲಿನಲ್ಲಿ ಹಾಗೆಯೇ ಬಿಡುವುದಿಲ್ಲ. ಮುಂದೊಂದು ದಿನ ಅದನ್ನು ನಂಬಿ ಮದ್ದು ಕೊಡುವವರಿರುತ್ತಾರೆ. ಮತದ ಲೆಕ್ಕವೂ ಹಾಗೆಯೇ. 2000ದಲ್ಲಿ ಫ್ಲಾರಿಡಾ ರಾಜ್ಯದ 537 ಮತಗಳ ಅಂತರವೇ ದೇಶದ ಅಧ್ಯಕ್ಷರು ಯಾರೆಂಬುದನ್ನು ನಿರ್ಧರಿಸಿತು.

ಒಂದು ರಾಜ್ಯವನ್ನು ಗೆಲ್ಲಿಸಿದ ಅಂತರ 115. ನಮ್ಮ ಸಂಘದ ರಾಜ್ಯೋತ್ಸವದ ಊಟಕ್ಕೆ ಕೂರುವವರೇ ಅದಕ್ಕಿಂತ ಹೆಚ್ಚು. ಮುಂದಿನ ಚುನಾವಣೆಯ ದಿನ ಇದು ನೆನಪಿರಲಿ.