ಹುಲ್ಲು ಮೆಚ್ಚಿದ ಮಣಿ

‘ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀರಿ?’ ಎಂದು ಅವರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನ ಹಳೇ ಪೇಟೆಯಲ್ಲಿ, ಸಂತ ಮೈಕೇಲನ ಹೆಸರಿನ ಓಣಿಯಲ್ಲಿ, ಅಂಬರಿಗೆಂದೇ ಒಂದು ಪುಟ್ಟ ಮ್ಯೂಸಿಯಂ ಇದೆ. 1998ರಲ್ಲಿ ತೆರೆದದ್ದು. ನೆಲಮಾಳಿಗೆಗೆ ಇಳಿದರೆ ಹಿಂದಿನ ಕಾಲದ ಕುಂಬಾರರ ಆವಿಗೆಯ ಅವಶೇಷವೂ ಕಾಣುತ್ತದೆ. ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದಾದ ಜಾಗದಲ್ಲಿ ನಾನು ಮಧ್ಯಾಹ್ನವೆಲ್ಲ ಉಳಿದೆ.

ಗಾಜಿನ ಪೆಟ್ಟಿಗೆಯೊಳಗೆ ಜೋನಿಬೆಲ್ಲದ ಬಣ್ಣದ ಒಂದು ತುಣುಕು. ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಸೊಳ್ಳೆಯಂಥದ್ದೊಂದು ಕೀಟ. ಹಿಂಗಾಲು ನೀಳವಾಗಿ ಚಾಚಿದೆ, ಪಕ್ಕದಲ್ಲೇ ಸಾಸಿವೆಗಿಂತ ಚಿಕ್ಕದಾದ ಗಾಳಿಗುಳ್ಳೆ. ಕಾಲು ಕಿತ್ತುಕೊಳ್ಳಲು ಹೆಣಗಿದ ಗುರುತು ಸುತ್ತಲಿನ ಅಂಟಿನಲ್ಲಿ ಸುಳಿಸುಳಿಯಾಗಿ ಉಳಿದಿದೆ. ಬಾಲ್ಟಿಕ್ ಕಡಲ ತೀರದ ಅಂಬರಿಗೆ ಸುಮಾರು 4 ಕೋಟಿ ವರ್ಷ ವಯಸ್ಸು. ಆಗಿನ ಕಾಡಿನ ಮರಗಳಿಂದ ಒಸರಿದ ರಾಳ ಮಣ್ಣಿನಡಿ ಸೇರಿ, ಗಟ್ಟಿಯಾಗಿ ಹೀಗಾಯಿತು. ಕಲ್ಲಿನಂತೆ ಕಂಡರೂ ಅದು ಕಲ್ಲಲ್ಲ; ಕೈಗೆ ತಣ್ಣಗೆ ತಾಗುವುದಿಲ್ಲ, ಉಪ್ಪು ಚೆನ್ನಾಗಿ ಕದಡಿದ ನೀರಿನಲ್ಲಿ ತೇಲುತ್ತದೆ.

ಅಲ್ಲಿ ಕೆಲಸ ಮಾಡುವ ಆ ಹಿರಿಯ ಮಹಿಳೆ ಒಂದು ಮಣಿ ತೆಗೆದು, ಹೆಗಲ ಮೇಲಿದ್ದ ಉಣ್ಣೆಯ ಶಾಲಿಗೆ ನಾಲ್ಕಾರು ಸಲ ಗಸಗಸ ಉಜ್ಜಿ, ಮೇಜಿನ ಮೇಲಿನ ಕಾಗದದ ಚೂರುಗಳ ಹತ್ತಿರ ಹಿಡಿದರು. ಚೂರುಗಳು ಟಪ್ಪನೆ ಹಾರಿ ಮಣಿಗೆ ಅಂಟಿದವು. ನಾನು ನಾಲ್ಕನೇ ಕ್ಲಾಸಿಗೆ ಹೋಗಿಬಂದೆ. ಎಣ್ಣೆ ಹಚ್ಚದ ತಲೆಯವನೊಬ್ಬನನ್ನು ಹುಡುಕಿ, ಅವನ ಕೂದಲಿಗೆ ಬಾಚಣಿಗೆ ಉಜ್ಜಿ, ನೋಟ್‌ಬುಕ್ಕಿನ ಕಾಗದದ ಚೂರುಗಳನ್ನು ಕುಣಿಸುತ್ತಿದ್ದೆವಲ್ಲ, ಅದೇ ಆಟ. ಆಮೇಲೆ ಅವರು ಒಂದು ಪುಸ್ತಕ ಮುಂದಿಟ್ಟರು. ಬಂದವರಿಂದ ಅವರವರ ಭಾಷೆಯಲ್ಲಿ ಅಂಬರಿನ ಹೆಸರು ಬರೆಸಿಕೊಳ್ಳುವುದು ಅವರ ಹವ್ಯಾಸ. ಅವರ ಭಾಷೆಯಲ್ಲಿ ಅದು ‘ಗಿಂತಾರಸ್’. ಗಂಡುಮಕ್ಕಳಿಗೆ ಗಿಂತಾರಸ್, ಹೆಣ್ಣುಮಕ್ಕಳಿಗೆ ಗಿಂತಾರೆ ಎಂದು ಹೆಸರಿಡುತ್ತಾರೆ, ನಮ್ಮ ಮುತ್ತಪ್ಪ, ರತ್ನಮ್ಮರ ಹಾಗೆ. ಕನ್ನಡದ ಸಾಲನ್ನು ಖಾಲಿ ಬಿಟ್ಟು ಬಂದೆ. ಅದು ಚುಚ್ಚುತ್ತಲೇ ಇತ್ತು.

‘ಅಂಬರ್’ ಎಂದು ಬರೆದುಬಿಡಬಹುದಿತ್ತು. ಆದರೆ ಆ ಪದ ಅರಬ್ಬಿಯ ‘ಅನ್ಬರ್’, ಅಂದರೆ ಸ್ಪರ್ಮ್ ತಿಮಿಂಗಿಲದ ಹೊಟ್ಟೆಯಿಂದ ಬರುವ ಸುಗಂಧದ ಗಟ್ಟಿ. ‘ತಿಮಿಂಗಿಲ ವಾಂತಿ ಮಾರಾಟ: ಬಂಧನ’ ಎಂದು ನಮ್ಮ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವಲ್ಲ, ಆ ಅಂಬರ್‌ಗ್ರೀಸ್. ಎರಡೂ ಕಡಲ ದಂಡೆಗೆ ಬಂದು ಬೀಳುವ ವಸ್ತುಗಳಾದ್ದರಿಂದ ಯುರೋಪಿನವರು ಎರಡನ್ನೂ ಒಂದೇ ಹೆಸರಿನಿಂದ ಕರೆದರು. ತಿಮಿಂಗಿಲದ್ದು ಬೂದು ಅಂಬರ್, ಮರದ್ದು ಹಳದಿ ಅಂಬರ್. ಇನ್ನು ಕನ್ನಡದ ಕಿವಿಗೆ ಅಂಬರ ಎಂದರೆ ಆಕಾಶ, ಇಲ್ಲವೇ ಪೀತಾಂಬರದ ಬಟ್ಟೆ. ಅದರ ಪಕ್ಕ ಈ ರಾಳದ ಗಟ್ಟಿಗೆ ಜಾಗವಿಲ್ಲ.

ಉತ್ತರ ಸಿಕ್ಕಿದ್ದು ಊರಿಗೆ ಬಂದ ಮೇಲೆ, ಗ್ರಂಧಿಗೆ ಅಂಗಡಿಯಲ್ಲಿ. ಅಳಲೆಕಾಯಿಗೆಂದು ಹೋಗಿ ನಿಂತಿದ್ದೆ. ಕಪಾಟಿನ ಸಾಲಿನಲ್ಲೊಂದು ಚಿಕ್ಕ ಡಬ್ಬಿ: ತೃಣಕಾಂತಮಣಿ ಪಿಷ್ಟಿ. ಆಯುರ್ವೇದದವರು ಅಂಬರನ್ನು ನುಣ್ಣಗೆ ಅರೆದು ಮಾಡುವ ಔಷಧ. ತೃಣ ಎಂದರೆ ಹುಲ್ಲು, ಕಾಂತ ಎಂದರೆ ಪ್ರಿಯ. ಉಜ್ಜಿದರೆ ಹುಲ್ಲುಕಡ್ಡಿ ಓಡಿಬಂದು ಅಪ್ಪಿಕೊಳ್ಳುವ ಮಣಿ. ಅಯಸ್ಕಾಂತವೂ ಹೀಗೆಯೇ ಹುಟ್ಟಿದ ಪದ. ಅಯಸ್ಸು ಅಂದರೆ ಕಬ್ಬಿಣ, ಅದಕ್ಕೆ ಪ್ರಿಯವಾದದ್ದು ಅಯಸ್ಕಾಂತ. ಅಣ್ಣನನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು, ತಮ್ಮ ಮಾತ್ರ ಔಷಧದ ಡಬ್ಬಿಯಲ್ಲಿ ಕೂತಿದ್ದಾನೆ. ಸಂಸ್ಕೃತ ನಿಘಂಟುಗಳಲ್ಲಿ ತೃಣಮಣಿ, ತೃಣಗ್ರಾಹಿ ಎಂಬ ಹೆಸರುಗಳೂ ಇವೆ. ನನಗೆ ಮಾತ್ರ ತೃಣಕಾಂತವೇ ಇಷ್ಟ.

ಪಾರಸಿಯವರೂ ಕಂಡದ್ದು ಈ ಹುಲ್ಲಿನ ಆಟವನ್ನೇ. ಅವರು ಇಟ್ಟ ಹೆಸರು ‘ಕಾಹ್‌ರುಬಾ’. ಕಾಹ್ ಎಂದರೆ ಒಣಹುಲ್ಲು, ರುಬಾ ಎಂದರೆ ಕಸಿದುಕೊಳ್ಳುವುದು. ಅಲ್ಲಿ ಹುಲ್ಲುಗಳ್ಳ, ಇಲ್ಲಿ ಹುಲ್ಲಿನ ನಲ್ಲ. ಅದೇ ಪಾರಸಿ ಪದ ಅರಬ್ಬಿಗೆ ಹೋಗಿ, ಈಗ ಅಲ್ಲಿ ಕರೆಂಟಿನ ಹೆಸರಾಗಿದೆ: ‘ಕಹ್ರಬಾ’. ಕೈರೋದ ಮನೆಗಳಲ್ಲಿ ಕರೆಂಟು ಹೋಯಿತು ಎನ್ನುವಾಗಲೂ ಆ ಹುಲ್ಲುಗಳ್ಳನ ಹೆಸರೇ ಬಾಯಿಗೆ ಬರುತ್ತದೆ. ಗ್ರೀಕರಿಗೆ ಅಂಬರು ‘ಎಲೆಕ್ಟ್ರಾನ್’. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್, ಗಾಜು, ಗಂಧಕ ಮುಂತಾದವೂ ಉಜ್ಜಿದಾಗ ಹೀಗೆಯೇ ಸೆಳೆಯುತ್ತವೆಂದು ತೋರಿಸಿ, ಅಂಥ ವಸ್ತುಗಳಿಗೆಲ್ಲ ಲ್ಯಾಟಿನ್ನಿನಲ್ಲಿ ‘ಅಂಬರಿನಂಥವು’ ಎಂಬ ಹೆಸರು ಕೊಟ್ಟ. ನಮ್ಮೂರಿನ ‘ಎಲೆಕ್ಟ್ರಿಕಲ್ಸ್’ ಅಂಗಡಿಯ ಬೋರ್ಡಿನ ಬೇರು ಅದೇ. 1891ರಲ್ಲಿ ಜಾರ್ಜ್ ಸ್ಟೋನಿ ವಿದ್ಯುತ್ತಿನ ಅತಿ ಚಿಕ್ಕ ಪಾಲಿಗೆ ‘ಎಲೆಕ್ಟ್ರಾನ್’ ಎಂದೇ ಹೆಸರಿಟ್ಟ.

ನಾವು ಈ ದಾರಿ ಹಿಡಿಯಲಿಲ್ಲ. ವಿದ್ಯುತ್ ಎಂದರೆ ಮಿಂಚು. ನಮ್ಮ ಪದ ಬಂದದ್ದು ಮೋಡದಿಂದ. ಆದರೆ ‘ಕಾಂತ’ನನ್ನು ನಾವು ಬಿಡಲಿಲ್ಲ. ಕಾಂತಕ್ಷೇತ್ರ, ವಿದ್ಯುತ್ಕಾಂತೀಯ ಎಂದು ಪಠ್ಯಪುಸ್ತಕದಲ್ಲಿ ಬರೆಯುವಾಗಲೆಲ್ಲ ಆ ಹಳೆಯ ನಲ್ಲ ಅಲ್ಲಿರುತ್ತಾನೆ. ಬಾಲ್ಟಿಕ್ ದಂಡೆಯ ಕಥೆಯೊಂದರಲ್ಲಿ ಮಿಂಚಿಗೂ ಅಂಬರಿಗೂ ನಂಟಿದೆ. ಕಡಲ ದೇವತೆ ಯೂರಾಟೆ ಬೆಸ್ತರ ಹುಡುಗ ಕಾಸ್ಟೀಟಿಸ್‌ನನ್ನು ಮೆಚ್ಚಿ, ನೀರಿನಡಿಯ ತನ್ನ ಅಂಬರಿನ ಅರಮನೆಗೆ ಕರೆದೊಯ್ದಳಂತೆ. ಗುಡುಗಿನ ದೇವರು ಪೆರ್ಕೂನಸ್‌ಗೆ ಸಿಟ್ಟು ಬಂದು ಸಿಡಿಲು ಹೊಡೆದ. ಬಿರುಗಾಳಿಯ ಮರುದಿನ ದಂಡೆಯಲ್ಲಿ ಸಿಗುವುದು ಆ ಅರಮನೆಯ ಚೂರುಗಳೇ ಎನ್ನುತ್ತಾರೆ. ಇಂದಿಗೂ ಬಿರುಗಾಳಿ ಕಳೆದ ಮೇಲೆ ಜನ ಪಾಚಿ ಕೆದಕುತ್ತ ಅಂಬರು ಹುಡುಕುತ್ತಾರೆ.

ಜರ್ಮನ್ನರು ಹುಲ್ಲನ್ನು ನೋಡಲಿಲ್ಲ, ಬೆಂಕಿಯನ್ನು ನೋಡಿದರು. ಅವರ ‘ಬೆರ್ನ್‌ಸ್ಟೈನ್’ ಎಂದರೆ ಉರಿಯುವ ಕಲ್ಲು. ಈ ಅರ್ಥ ಕರಾವಳಿಯವರಿಗೆ ತಟ್ಟನೆ ಹತ್ತಿರವಾಗುತ್ತದೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ದೀವಟಿಗೆಗೆ ರಾಳದ ಪುಡಿ ಎರಚಿದರೆ ಭಗ್ಗೆಂದು ಏಳುವ ಜ್ವಾಲೆ, ಮೂಗಿಗೆ ಬಡಿಯುವ ಆ ಘಾಟು! ಪಶ್ಚಿಮಘಟ್ಟದ ಸಾಲುಧೂಪದ ಮರ ಒಸರುವುದು ಅಂಥದೇ ರಾಳವನ್ನು. ಗುಜರಾತಿನ ವಸ್ತಾನ್ ಕಲ್ಲಿದ್ದಲ ಗಣಿಯಲ್ಲಿ ಸಿಕ್ಕ, ಸುಮಾರು 5 ಕೋಟಿ ವರ್ಷ ಹಳೆಯ ಅಂಬರನ್ನು 2010ರಲ್ಲಿ ವಿಜ್ಞಾನಿಗಳು ವಿವರಿಸಿದರು. ಅದನ್ನು ಸುರಿಸಿದ್ದು ಸಾಲುಧೂಪದ ಕುಟುಂಬಕ್ಕೇ ಸೇರಿದ ಮರಗಳು. ಬಾಲ್ಟಿಕ್ ಅಂಬರಿನಷ್ಟು ಬಿರುಸಾಗಿಲ್ಲದ ಅದು ದ್ರಾವಕದಲ್ಲಿ ಕರಗುತ್ತದೆ, ಒಳಗಿನ ಕೀಟವನ್ನು ಇಡಿಯಾಗಿ ಹೊರಗೆ ತೆಗೆಯಬಹುದು. ಅಂಥ ವಸ್ತು ನಮ್ಮ ನೆಲದಲ್ಲೇ ಇರುವಾಗ, ಔಷಧದ ಡಬ್ಬಿಯಲ್ಲಿರುವ ಪದ ವಿಜ್ಞಾನದ ಪಾಠಕ್ಕೂ ಬರಲಿ. ಅಯಸ್ಕಾಂತದ ಅಧ್ಯಾಯದ ಪಕ್ಕದಲ್ಲೇ ಅದಕ್ಕೆ ಜಾಗವಿದೆ. ಬಾಚಣಿಗೆ ಉಜ್ಜುವ ಹುಡುಗರಿಗೆ ಆ ಆಟ ಮೊದಲು ಶುರುವಾದದ್ದು ಯಾವುದರಿಂದ ಎಂದು ಹೇಳಲು ನಮ್ಮದೇ ಮಾತು ಸಿಗುತ್ತದೆ.

ಮೊನ್ನೆ ವಿಲ್ನಿಯಸ್‌ಗೆ ಒಂದು ಕಾರ್ಡು ಕಳಿಸಿದೆ. ಕನ್ನಡದ ದಪ್ಪ ಅಕ್ಷರಗಳಲ್ಲಿ ‘ತೃಣಕಾಂತ’ ಎಂದು ಬರೆದು, ಕೆಳಗೆ ಅರ್ಥ ಬಿಡಿಸಿ, ಪಕ್ಕದಲ್ಲಿ ಭತ್ತದ ಹುಲ್ಲಿನ ಒಂದು ಎಳೆಯನ್ನು ಗೋಂದು ಹಚ್ಚಿ ಅಂಟಿಸಿದೆ.