ಮಲಿಕ್-ಎ-ಮೈದಾನ್

ವಿಜಯಪುರ (ಬಿಜಾಪುರ) ಕೋಟೆಯ ಪಶ್ಚಿಮ ದಿಕ್ಕಿನ ಶೆರ್ಜಾ ಬುರುಜಿನ ಮೇಲಿರುವ ಬೃಹತ್ ತೋಪು. ಹೆಸರಿನ ಅರ್ಥ ರಣರಂಗದ ಒಡೆಯ. ಊರವರ ಮಾತಿನಲ್ಲಿ ಮುಲ್ಕ್ ಮೈದಾನ್. ತಾಮ್ರ, ತವರ ಬೆರೆಸಿದ ಕಂಚಿನ ಎರಕ. ಉದ್ದ ಸುಮಾರು 4.4 ಮೀಟರ್, ತೂಕ ಸುಮಾರು 55 ಟನ್. ಆನೆಯನ್ನು ಕಚ್ಚಿ ಹಿಡಿದ ಸಿಂಹದ ಬಾಯಿಯಂತೆ ಇದರ ಮೂತಿಯಿದೆ.

ದಖನ್ನಿನ ಅಧಿಕಾರ ಕೈ ಬದಲಿಸಿದ ಕಥೆಯನ್ನು ಇಷ್ಟು ನೇರವಾಗಿ ಹೇಳುವ ಸ್ಮಾರಕ ನಗರದಲ್ಲಿ ಇನ್ನೊಂದಿಲ್ಲ. ಗೋಳಗುಮ್ಮಟವೂ ಇದಕ್ಕೆ ಸಾಟಿಯಲ್ಲ. ಈ ತೋಪು ಮೊದಲಿಗೆ ಬಿಜಾಪುರದ ಸೊತ್ತೇ ಆಗಿರಲಿಲ್ಲ. 1549ರಲ್ಲಿ ಅಹಮದನಗರದ ನಿಜಾಮಶಾಹಿಗಾಗಿ ಮಹಮ್ಮದ್ ಬಿನ್ ಹಸನ್ ರೂಮಿ ಇದನ್ನು ಎರಕ ಹೊಯ್ದ. ಮೈಮೇಲಿನ ಶಾಸನದಲ್ಲಿ ಬುರ್ಹಾನ್ ನಿಜಾಮ್ ಷಾನ ಹೆಸರಿದೆ. 1565ರ ರಕ್ಕಸಗಿ-ತಂಗಡಗಿ ಕದನದಲ್ಲಿ ವಿಜಯನಗರದ ಸೇನೆಯ ಮೇಲೆ ಇದನ್ನು ಹಾರಿಸಿದರೆಂಬ ಪ್ರತೀತಿಯಿದೆ. ಅಹಮದನಗರ ಕುಸಿಯುತ್ತಿದ್ದಾಗ, 1632ರಲ್ಲಿ, ಬಿಜಾಪುರವನ್ನಾಳುತ್ತಿದ್ದ ಆದಿಲ್‌ಶಾಹಿಗಳು ಪರಾಂಡಾ ಕೋಟೆಯಿಂದ ಇದನ್ನು ಬಿಜಾಪುರಕ್ಕೆ ಎಳೆಸಿ ತಂದರು. ನೂರಾರು ಎತ್ತುಗಳನ್ನೂ ಆನೆಗಳನ್ನೂ ಹೂಡಿದ್ದರಂತೆ.

1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬ್ ತೋಪನ್ನು ಒಡೆಯಲಿಲ್ಲ. ತನ್ನ ವಿಜಯದ ಶಾಸನವನ್ನು ಅದರ ಮೇಲೆಯೇ ಕೆತ್ತಿಸಿದ. ಮೊದಲ ಒಡೆಯನ ಹೆಸರೂ ಕೊನೆಗೆ ಗೆದ್ದವನ ಹೆಸರೂ ಒಂದೇ ಲೋಹದ ಮೇಲೆ ಉಳಿದದ್ದು ಹೀಗೆ.

ಅತಿ ದೊಡ್ಡ ಅಪಾಯ ಬಂದದ್ದು ಯುದ್ಧದಿಂದಲ್ಲ. ಬ್ರಿಟಿಷರ ಆಡಳಿತದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ ಬರೀ 150 ರೂಪಾಯಿ. ಮಾರಾಟ ರದ್ದಾದದ್ದು ನಾಡಿನ ಭಾಗ್ಯ. ಈಗ ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.